ಬಿಲ್ಲಿಗೆ ಹಿಡಿ ಕೂರಿಸೋದು ಹೇಗೆ?



ಈ ಸಲದ ಗೋಡೆ ಪತ್ರಿಕೆಗೆ "ಮಾಡಿ ನೋಡು" ಅನ್ನೋ ಥರದ್ದು ಏನಾದರೂ ಬರಿ ಅಂತ ಸಂಪಾದಕರು ಹೇಳಿದರು. ವಾರ್ಷಿಕೋತ್ಸವಕ್ಕೆ ಐದನೇ ತರಗತಿಯವರು ಏಕಲವ್ಯನ ನಾಟಕ ಆಡ್ತಾರಂತೆ, ಒಂಬತ್ತು ಬಿಲ್ಲು ಬೇಕಂತೆ. ಆಗಲೇ ಚಿಕ್ಕವರೆಲ್ಲ ಪೊರಕೆ ಕಡ್ಡಿ, ಪ್ಲೈವುಡ್ ಚೂರು, ಪ್ಲಾಸ್ಟಿಕ್ ಪೈಪು, ಕೈಗೆ ಸಿಕ್ಕಿದ್ದರಲ್ಲೆಲ್ಲ ಬಿಲ್ಲು ಮಾಡ್ಕೊಂಡು ಮೈದಾನದಲ್ಲಿ ಓಡಾಡ್ತಿರೋದನ್ನ ನೀವೂ ನೋಡಿರ್ತೀರಿ. ಅದಕ್ಕೇ ಈ ವಿಷಯ ಆರಿಸಿಕೊಂಡೆ. ಲೇಖನ ಸ್ವಲ್ಪ ಉದ್ದ ಆಗಿದೆ. ಮೇಷ್ಟ್ರು ಎರಡು ಡ್ರಾಯಿಂಗ್ ಶೀಟು ಜಾಸ್ತಿ ಕೊಟ್ಟಿದ್ದಾರೆ.

ನಮ್ಮಪ್ಪ ಮರಗೆಲಸದವರು. ಬೆಳಿಗ್ಗೆ ಬಸ್ಸಿನಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೆ ಹೋಗಿ, ಅಲ್ಲಿಂದ ಮೆಟ್ರೊ ಹತ್ತಿ ಜೆ.ಪಿ. ನಗರ ಸ್ಟೇಷನ್ನಿನಲ್ಲಿ ಇಳಿದು, ಸಾರಕ್ಕಿ ಕಡೆ ಒಂದು ಶೆಡ್ಡಿಗೆ ಕೆಲಸಕ್ಕೆ ಹೋಗ್ತಾರೆ. (ರೇಷ್ಮೆ ಸಂಸ್ಥೆವರೆಗೆ ಮೆಟ್ರೊ ಬಂದದ್ದು 2021ರ ಜನವರಿಯಲ್ಲಿ. ಅದಕ್ಕೆ ಮೊದಲು ಮನೆಗೆ ಬರೋ ಹೊತ್ತಿಗೆ ನಾವು ಮಲಗಿರ್ತಿದ್ವಿ.) ಅಲ್ಲಿ ಬಾಗಿಲು, ಕಿಟಕಿ, ಮಂಚದ ಕೆಲಸವೇ ಹೆಚ್ಚು. ಆದರೆ ಡಿಸೆಂಬರ್ ಬಂತು ಅಂದರೆ ಜಯನಗರ, ಬನಶಂಕರಿ ಕಡೆಯಿಂದ ಸ್ಕೂಲ್ ಡೇ ಸಾಮಾನು ಮಾಡಿಸೋಕೆ ಜನ ಬರ್ತಾರೆ. ಗದೆ, ಸಿಂಹಾಸನ, ಬಿಲ್ಲು. ರಿಪೇರಿಗೂ ಬರ್ತವೆ. ರಜೆಯಲ್ಲಿ ನಾನು ಅಪ್ಪನ ಜೊತೆ ಹೋಗಿ ಮರಳು ಕಾಗದ ಉಜ್ಜಿಕೊಡ್ತೀನಿ. ಆಗ ನೋಡಿದ್ದೇನೆಂದರೆ, ರಿಪೇರಿಗೆ ಬರೋ ಬಿಲ್ಲುಗಳಲ್ಲಿ ತೋಳು ಮುರಿದದ್ದು ಕಡಿಮೆ, ಹಿಡಿ ಕಿತ್ತು ಬಂದದ್ದೇ ಜಾಸ್ತಿ.

ತಂದವರೆಲ್ಲ ಹೇಳೋದು ಒಂದೇ ಮಾತು: "ಆಚಾರ್ರೇ, ಒಳ್ಳೆ ಅಂಟು ಹಾಕಿಕೊಡಿ." ಅಪ್ಪ ಹೇಳೋದೂ ಒಂದೇ ಮಾತು: "ಅಂಟಿಂದೇನೂ ತಪ್ಪಿಲ್ಲಮ್ಮ. ಬಾಗೋ ಜಾಗಕ್ಕೆ ಬಾಗದೇ ಇರೋದನ್ನ ಅಂಟಿಸಿದಾರೆ."

ಇದು ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಅಪ್ಪ 200 ಪೇಜಿನ ನೋಟ್‌ಬುಕ್ಕಿನಲ್ಲಿ ತೋರಿಸಿದರು. ನೀವೂ ಈಗಲೇ ಮಾಡಿ ನೋಡಿ. ಪುಸ್ತಕದ ಎರಡು ತುದಿ ಹಿಡಿದು ಬಿಲ್ಲಿನ ಥರ ಬಗ್ಗಿಸಿ. ಹೊಲಿಗೆ ಇಲ್ಲದ ಅಂಚನ್ನ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಅಂಚು ಇಳಿಜಾರಾಗಿದೆ, ಅಲ್ಲವೇ? ಎರಡು ಪದರ ಒಟ್ಟಿಗೆ ಬಾಗಿದರೆ ಅವು ಒಂದರ ಮೇಲೊಂದು ಜಾರಲೇಬೇಕು. ಅಂಟಿನ ಕೆಲಸ ಆ ಜಾರೋದನ್ನ ತಡೆಯೋದು. ಬಾಗಿದಷ್ಟೂ ಜಾರೋ ಬಲ ಜಾಸ್ತಿ, ಅಷ್ಟೂ ಅಂಟಿನ ಮೇಲೆ ಬೀಳುತ್ತೆ. ಇನ್ನೊಂದು ಪ್ರಯೋಗ. ಪ್ಲಾಸ್ಟಿಕ್ ಸ್ಕೇಲಿನ ನಡುವೆ ಒಂದು ಸಣ್ಣ ಮರದ ತುಂಡನ್ನ ಗೋಂದಿನಲ್ಲಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಸ್ಕೇಲು ಬಗ್ಗಿಸಿ. ತುಂಡು ಮೊದಲು ಏಳೋದು ಮಧ್ಯದಲ್ಲಿ ಅಲ್ಲ, ಎರಡು ತುದಿಯಲ್ಲಿ. ತುದಿ ಒಂದು ಸಲ ಎದ್ದರೆ ಬಾಳೆಹಣ್ಣಿನ ಸಿಪ್ಪೆ ಥರ ಒಳಗೊಳಗೆ ಸುಲಿದುಕೊಂಡು ಹೋಗುತ್ತೆ. ಬಿಲ್ಲಿನ ಹಿಡಿಗೂ ಆಗೋದು ಇದೇ.

ಅಂಟು ಬಿಟ್ಟರೆ ಮೊಳೆ ಹೊಡೀತೀವಿ ಅಂತ ಸುಮಾರು ಜನ ಹೊರಡ್ತಾರೆ. ಇದು ಬಹಳ ಅಪಾಯ. ಮರದ, ಬಿದಿರಿನ ಬಲ ಇರೋದು ಉದ್ದಕ್ಕೆ ಓಡೋ ನಾರಿನಲ್ಲಿ. ಮೊಳೆ ಹೊಡೆದ ಕಡೆ ನಾರು ತುಂಡಾಗುತ್ತೆ, ಇಲ್ಲವೇ ಸೀಳುತ್ತೆ. ಬಿಲ್ಲು ಎಳೆದಾಗ ಪಕ್ಕದ ನಾರಿನ ಮೇಲೆ ಎರಡರ ಭಾರ ಬೀಳುತ್ತೆ. ಹೋದ ವರ್ಷ ನಮ್ಮ ಬೀದಿಯ ಒಂದು ಮಗುಗೆ ಜಾತ್ರೆಯಿಂದ ಬಿಲ್ಲು ತಂದುಕೊಟ್ಟಿದ್ದರು. ನೋಡೋಕೆ ಚೆಂದ, ಬಣ್ಣದ ಕಾಗದ ಸುತ್ತಿತ್ತು. ಕಾಗದದ ಕೆಳಗೆ ಎರಡು ಮೊಳೆ. ಮೂರನೇ ದಿನ ಎಳೆದಾಗ ಮೊಳೆ ತೂತಿನಲ್ಲೇ ಫಟ್ಟಂತ ಮುರಿದು, ಸಿಬರು ಎಗರಿ ಕೆನ್ನೆಗೆ ಚುಚ್ಚಿತು. ಕಣ್ಣಿಗೆ ಒಂದು ಇಂಚು ಕೆಳಗೆ. ಎರಡು ಹೊಲಿಗೆ ಹಾಕಿದರು. ಆ ಒಂದು ಇಂಚಿನ ಲೆಕ್ಕ ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಸರಿ, ಮಾಡೋದು ಹೇಗೆ? ಮೊದಲು ಯಾವ ಮರ ಅಂತ ನೋಡೋಣ.

ಪ್ಲೈವುಡ್ ಬೇಡ. ಅದರಲ್ಲಿ ಒಂದು ಪದರದ ನಾರು ಉದ್ದಕ್ಕೆ, ಮುಂದಿನ ಪದರದ್ದು ಅಡ್ಡಕ್ಕೆ ಇರುತ್ತೆ. ಅಡ್ಡ ಪದರಗಳು ಬಾಗೋ ಕೆಲಸಕ್ಕೆ ದಂಡ. ಬಿಲ್ಲಿನ ಆಕಾರಕ್ಕೆ ಸುತ್ತ ಕೊಯ್ದರೆ ಉಳಿದ ಪದರದ ನಾರೂ ತುಂಡಾಗುತ್ತೆ. ಮನೆ ಕಟ್ಟೋ ಕಡೆ ಬಿದ್ದಿರೋ ಸೆಂಟ್ರಿಂಗ್ ಸರ್ವೆ ಕಟ್ಟಿಗೆನೂ ಬೇಡ. ಅದು ಭಾರ, ಒಣಗ್ತಾ ಸೀಳು ಬಿಡುತ್ತೆ, ಸಿಮೆಂಟು ಮೆತ್ತಿರೋದರಿಂದ ಉಳಿ ಬೇರೆ ಹಾಳು. ಜಯನಗರದ ರಸ್ತೆ ಪಕ್ಕದ ಗುಲ್‌ಮೊಹರ್ ಕೊಂಬೆ ಮಳೆ ಬಂದಾಗ ತಾನಾಗೇ ಮುರಿದು ಬೀಳೋದನ್ನ ನೋಡಿದ್ದೀರಿ, ಅದು ಬಿಲ್ಲಿಗೆ ಹೇಗಾದೀತು!

ಬಿಲ್ಲಿಗೇ ಅಂತ ಹೆಸರಾದ ಮರ ಒಂದಿದೆ. ತಡಸಲು. ಸಂಸ್ಕೃತದಲ್ಲಿ ಇದಕ್ಕೆ ಧನ್ವನ ಅಂತಲೇ ಹೆಸರು, ಧನುಸ್ಸು ಅಂದರೆ ಬಿಲ್ಲು. ಬಾಗಿದರೂ ಮುರಿಯದೆ ವಾಪಸ್ ಬರೋ ಗುಣ ಇರೋದರಿಂದ ಹಿಂದೆ ಗಾಡಿ ಮೂಕಿಗೆ, ಕೊಡಲಿ ಕಾವಿಗೆ ಇದನ್ನ ಹುಡುಕಿಕೊಂಡು ಹೋಗ್ತಿದ್ದರಂತೆ. ಈಗ ಅಂಗಡಿಯಲ್ಲಿ ಸುಲಭಕ್ಕೆ ಸಿಗಲ್ಲ. ಕಾಡಿಗೆ ಹೋಗಿ ಕಡಿಯೋದಂತೂ ಬೇಡವೇ ಬೇಡ. ನಮ್ಮ ಪಕ್ಕದ ಬನ್ನೇರುಘಟ್ಟ 1974ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ಒಂದು ಬಿದಿರು ಕಡಿದರೂ ಅಪರಾಧ. ಮೇಲಾಗಿ ಅದು ಆನೆ ಊಟ.

ನಮಗೆ ಆಗೋದು ಅಂಗಡಿ ಬಿದಿರು. ಗೋಡೆ ದಪ್ಪ ಇರೋ, ಮೂರು ವರ್ಷ ಬಲಿತ, ಪೂರ್ತಿ ಒಣಗಿದ ಬಿದಿರು ಬೇಕು. ಹಸಿ ಬಿದಿರಿನಲ್ಲಿ ಮಾಡಿದರೆ ಬಾಗಿದ್ದು ಬಾಗಿಯೇ ಇರುತ್ತೆ, ಅಂಟೂ ಹಿಡಿಯಲ್ಲ. ಬೆರಳಿನಿಂದ ತಟ್ಟಿದರೆ ಟಣ್ ಅನ್ನಬೇಕು. ಸಣ್ಣ ಸಣ್ಣ ತೂತಿದ್ದು ಹಿಟ್ಟು ಉದುರಿದರೆ ಕುಟ್ಟೆ ಹಿಡಿದಿದೆ ಅಂತ ಲೆಕ್ಕ, ಬಿಟ್ಟುಬಿಡಿ.

ಎಂಟು ಹತ್ತು ವರ್ಷದ ಮಕ್ಕಳಿಗೆ ನಾಲ್ಕು ಅಡಿ ಉದ್ದದ ದಬ್ಬೆ ಸಾಕು. ಅಗಲ ಒಂದು ಇಂಚು, ದಪ್ಪ ಎರಡು ನೂಲು. ಆಚಾರಿಗಳ ಲೆಕ್ಕದಲ್ಲಿ ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. ಎರಡು ತುದಿ ಕಡೆ ಹೋಗ್ತಾ ದಪ್ಪ ಒಂದೂವರೆ ನೂಲಿಗೆ ಇಳಿಯಬೇಕು. ಒಂದು ಗೆಣ್ಣು ಸರಿಯಾಗಿ ನಡುವೆ ಬರೋ ಹಾಗೆ ಕತ್ತರಿಸಿಕೊಂಡರೆ ಒಳ್ಳೆಯದು. ಗೆಣ್ಣು ಗಟ್ಟಿ ಜಾಗ, ಹಿಡಿಗೆ ಅದೇ ಆಸರೆ. ಸೀಳೋದು, ಕೀಸೋದು ದೊಡ್ಡವರ ಕೆಲಸ. ನಾವು ಮಾಡಬಹುದಾದ್ದು ಮರಳು ಕಾಗದ ಉಜ್ಜೋದು. ಬಿದಿರಿನ ಅಂಚು ಬ್ಲೇಡಿನಷ್ಟೇ ಚೂಪು, ಅದನ್ನ ಮೊದಲು ಉಜ್ಜಿ ದುಂಡಗೆ ಮಾಡಿ.

ಒಂದು ಮಾತು ಮರೀಬೇಡಿ. ಬಿದಿರಿನ ಹಸಿರು ಸಿಪ್ಪೆ ಇದ್ದ ಮುಖ ಹೊರಗೆ, ಅಂದರೆ ಗುರಿ ಕಡೆಗೆ ಇರಬೇಕು. ಎಳೆದಾಗ ಹಿಗ್ಗೋದು ಆ ಮುಖ. ಬಿದಿರಿನ ಗಟ್ಟಿ ನಾರೆಲ್ಲ ಒತ್ತೊತ್ತಾಗಿ ಇರೋದೂ ಆ ಸಿಪ್ಪೆಯ ಹತ್ತಿರವೇ. ಅದಕ್ಕೆ ಚಾಕು ತಾಗಿಸಬೇಡಿ. ಒಳಮುಖ ಎಳೆಯೋರ ಕಡೆಗೆ. ಹಿಡಿ ಕೂರೋದು ಈ ಒಳಮುಖದ ಮೇಲೆ. ನೋಡಿ ಎಷ್ಟು ಅನುಕೂಲ! ಸಿಪ್ಪೆ ನುಣುಪಾಗಿರೋದರಿಂದ ಅದರ ಮೇಲೆ ಅಂಟು ನಿಲ್ಲಲ್ಲ, ಒಳಮುಖದ ಮೇಲೆ ಚೆನ್ನಾಗಿ ನಿಲ್ಲುತ್ತೆ.

ಈಗ ಹಿಡಿ. ಏಳು ಇಂಚು ಉದ್ದ, ಒಂದು ಇಂಚು ಅಗಲ, ನಾಲ್ಕು ನೂಲು ದಪ್ಪದ ಮರದ ತುಂಡು ತಗೊಳ್ಳಿ. ಹೊನ್ನೆ ಆಗುತ್ತೆ, ಬೇವು ಆಗುತ್ತೆ. ತೇಗ ಆದರೆ ಅದರಲ್ಲಿ ಎಣ್ಣೆ ಅಂಶ ಇರೋದರಿಂದ ಕೀಸಿದ ಕೂಡಲೇ ಅಂಟಿಸಬೇಕು, ನಾಳೆಗೆ ಅಂತ ಇಡಬಾರದು.

ನಾಲ್ಕು ನೂಲು ಯಾಕೆ ಅಂದರೆ ಅದಕ್ಕೊಂದು ಲೆಕ್ಕ ಇದೆ. ಮರದ ದಪ್ಪ ಎರಡರಷ್ಟಾದರೆ ಅದನ್ನ ಬಗ್ಗಿಸೋಕೆ ಬೇಕಾದ ಬಲ ಎರಡರಷ್ಟಲ್ಲ, ಎಂಟರಷ್ಟು. ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಗಣಿತದಲ್ಲಿ ಘನ ಅಂತ ಕಲಿತೀವಲ್ಲ, ಅದೇ. ದಬ್ಬೆ ಎರಡು ನೂಲು, ಹಿಡಿ ನಾಲ್ಕು ನೂಲು, ಸೇರಿ ಆರು. ಅಂದರೆ ಮೂರರಷ್ಟು. ಆ ಜಾಗ ದಬ್ಬೆಗಿಂತ ಸುಮಾರು ಇಪ್ಪತ್ತೇಳು ಪಟ್ಟು ಗಟ್ಟಿಯಾಗುತ್ತೆ, ಬಾಗೋದೇ ಇಲ್ಲ ಅನ್ನಬಹುದು. ಬಾಗದಿದ್ದರೆ ಜಾರೋದಿಲ್ಲ. ಜಾರದಿದ್ದರೆ ಅಂಟು ಬಿಡೋದಿಲ್ಲ. ಆದರೆ ಈ ಲೆಕ್ಕ ನಡೆಯೋದು ಎರಡೂ ಸಂದಿಲ್ಲದೆ ಅಂಟಿ ಒಂದೇ ತುಂಡಾದಾಗ ಮಾತ್ರ. ಒಂದೇ ದಪ್ಪದ ಎರಡು ಪಟ್ಟಿ ಸುಮ್ಮನೆ ಒಂದರ ಮೇಲೊಂದು ಇಟ್ಟು ಸಡಿಲವಾಗಿ ಕಟ್ಟಿದರೆ ಎರಡರಷ್ಟೇ ಬಲ, ಅಂಟಿ ಒಂದಾದರೆ ಎಂಟರಷ್ಟು. ಈ ಎರಡಕ್ಕೂ ಎಂಟಕ್ಕೂ ಇರೋ ವ್ಯತ್ಯಾಸ ನೋಡಿ ನನಗೆ ತುಂಬಾ ಆಶ್ಚರ್ಯ ಆಯಿತು. ಗಣಿತದ ಮೇಡಂ ಹತ್ತಿರ ಕೇಳಿದೆ, ಹೌದು ಅಂದರು.

ಇನ್ನು ಹಿಡಿಯ ತುದಿ. ಇದೇ ಮುಖ್ಯ. ತುಂಡನ್ನ ಎರಡೂ ಕಡೆ ನೆಟ್ಟಗೆ ಕತ್ತರಿಸಿ ಬಿಟ್ಟರೆ ಗಟ್ಟಿ ಜಾಗ ಅಲ್ಲಿ ಥಟ್ಟನೆ ಮುಗಿದು ಬಾಗೋ ಜಾಗ ಥಟ್ಟನೆ ಶುರುವಾಗುತ್ತೆ. ಎಲ್ಲ ಬಲವೂ ಆ ಗೆರೆಯ ಮೇಲೆ ಕೂರುತ್ತೆ. ಅದಕ್ಕೇ ನಡುವಿನ ನಾಲ್ಕು ಇಂಚು ಹಿಡಿಯೋಕೆ ಬಿಟ್ಟು, ಎರಡೂ ಕಡೆ ಒಂದೂವರೆ ಇಂಚನ್ನ ಇಳಿಜಾರು ಮಾಡಬೇಕು. ತುದಿಗೆ ಬರೋ ಹೊತ್ತಿಗೆ ಅದು ಪೋಸ್ಟ್ ಕಾರ್ಡಿನಷ್ಟು ತೆಳ್ಳಗಾಗಬೇಕು. ತೆಳ್ಳಗಿದ್ದರೆ ದಬ್ಬೆ ಜೊತೆ ತಾನೂ ಬಾಗುತ್ತೆ, ಎದುರು ನಿಲ್ಲಲ್ಲ. "ಬಂಡೆ ಮೇಲಿಂದ ಧುಮುಕೋದಲ್ಲ ಮಗಾ, ಮೆಟ್ಟಲಿಳಿದು ಬರಬೇಕು" ಅಂತಾರೆ ಅಪ್ಪ. ಮಗುವಿನ ಕೈಗೆ ಸರಿಹೋಗೋ ಹಾಗೆ ನಡು ಸ್ವಲ್ಪ ಸಣ್ಣ ಮಾಡಬೇಕಾದರೆ ಮರದ ತುಂಡನ್ನ ಮಾತ್ರ ಕೀಸಿ, ಬಿದಿರಿನ ಪಕ್ಕ ಕೀಸಬೇಡಿ. ಹಿಡಿದಾಗ ಹೆಬ್ಬೆರಳು, ನಡುಬೆರಳು ಮುಟ್ಟಿದರೆ ಅಳತೆ ಸರಿ.

ಅಂಟಿಸೋ ಮೊದಲು ಎರಡು ಮುಖವನ್ನೂ ಜೋಡಿಸಿ ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ ಇನ್ನೂ ಕೀಸಬೇಕು. ಅಂಟು ಸಂದು ತುಂಬುತ್ತೆ ಅನ್ನೋದು ಸೋಮಾರಿಗಳ ಮಾತು. ಬಿದಿರಿನ ಒಳಮುಖ ಸ್ವಲ್ಪ ಗುಳಿ ಇರುತ್ತೆ, ಗೆಣ್ಣಿನ ಹತ್ತಿರ ಉಬ್ಬಿರುತ್ತೆ. ನಡುವಿನ ಏಳು ಇಂಚನ್ನ ಕೀಸುಳಿ ಹಿಡಿದು ಮಟ್ಟ ಮಾಡಬೇಕು. ಆಮೇಲೆ ಧೂಳು ಒರೆಸಿ ಎರಡೂ ಮುಖಕ್ಕೆ ಫೆವಿಕಾಲ್ ತೆಳ್ಳಗೆ ಸವರಿ ಜೋಡಿಸಿ. ಶೆಡ್ಡಿನಲ್ಲಾದರೆ ಕ್ಲ್ಯಾಂಪ್ ಹಾಕ್ತಾರೆ. ನಮ್ಮ ಮನೆಯಲ್ಲಿ ಹಳೇ ಸೈಕಲ್ ಟ್ಯೂಬು. ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿ, ಎಳೆದು ಎಳೆದು ಬಿಗಿಯಾಗಿ ಈ ತುದಿಯಿಂದ ಆ ತುದಿವರೆಗೆ ಸುತ್ತಬೇಕು. ಇಳಿಜಾರಿನ ಮೇಲೆ ಕ್ಲ್ಯಾಂಪ್ ಜಾರುತ್ತೆ, ಟ್ಯೂಬು ಜಾರಲ್ಲ. ಆದ್ದರಿಂದ ಈ ಕೆಲಸಕ್ಕೆ ಟ್ಯೂಬೇ ವಾಸಿ ಅಂತ ನನ್ನ ಅಭಿಪ್ರಾಯ. ಹೊರಗೆ ಬಂದ ಅಂಟನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಇಡಿ. ಮಳೆಗಾಲ ಆದರೆ ಎರಡು ದಿನ. ಸಂಜೆಗೇ ಬಿಚ್ಚಿ ನೋಡೋರ ಬಿಲ್ಲು ಸಂಜೆಗೇ ಬಿಚ್ಚಿಕೊಳ್ಳುತ್ತೆ.

ಅಂಟಿದ ಮೇಲೂ ದಾರ ಸುತ್ತಬೇಕು. ಕ್ರಿಕೆಟ್ ಬ್ಯಾಟನ್ನ ನೆನಪು ಮಾಡಿಕೊಳ್ಳಿ. ಬೆತ್ತದ ಹಿಡಿಯನ್ನ ಬ್ಯಾಟಿನೊಳಗೆ ಚೂಪಾಗಿ ಇಳಿಸಿ ಅಂಟಿಸಿರ್ತಾರೆ, ಮೊಳೆ ಇರಲ್ಲ, ಹಿಡಿಗೆ ದಾರ ಸುತ್ತಿರ್ತಾರೆ. ಅಷ್ಟು ಜೋರಾಗಿ ಬರೋ ಬಾಲಿಗೆ ತಡೆಯುತ್ತೆ ಅಂದ ಮೇಲೆ ನಮ್ಮ ಬಿಲ್ಲಿಗೆ ತಡೆಯಲ್ಲವೇ? ದಾರ ಸುತ್ತಬೇಕಾದ್ದು ಮುಖ್ಯವಾಗಿ ಎರಡು ಇಳಿಜಾರಿನ ಮೇಲೆ, ಯಾಕೆ ಅಂದರೆ ಏಳೋದು ಅಲ್ಲೇ.

ಗಂಟು ಹಾಕದೆ ಸುತ್ತೋ ವಿಧಾನ ಹೀಗೆ. ದಾರದ ಒಂದು ತುದಿ ಮಡಚಿ ಉದ್ದನೆ ಕುಣಿಕೆ ಮಾಡಿ. ಕುಣಿಕೆಯ ತಲೆ ಹಿಡಿಯ ಕಡೆಗೆ ಇರೋ ಹಾಗೆ ಇಳಿಜಾರಿನ ಮೇಲೆ ಉದ್ದಕ್ಕೆ ಮಲಗಿಸಿ. ಈಗ ಉಳಿದ ದಾರವನ್ನ ತೆಳ್ಳಗಿರೋ ತುದಿಯಿಂದ ಶುರು ಮಾಡಿ ದಪ್ಪ ಇರೋ ಕಡೆಗೆ ಹತ್ತಿಸ್ತಾ, ಕುಣಿಕೆ ಮೇಲೇ ಸುತ್ತಿಕೊಂಡು ಹೋಗಿ. ಮೇಲಿಂದ ಕೆಳಗೆ ಸುತ್ತಿದರೆ ಸುತ್ತು ಜಾರುತ್ತೆ. ಒಂದರ ಪಕ್ಕ ಒಂದು, ಸಂದು ಇಲ್ಲದೆ, ಒಂದರ ಮೇಲೊಂದು ಹತ್ತದೆ, ಇಪ್ಪತ್ತು ಸುತ್ತು. ಕೊನೆಗೆ ದಾರದ ತುದಿಯನ್ನ ಕುಣಿಕೆಯ ತಲೆಯೊಳಗೆ ತೂರಿಸಿ, ಕೆಳಗಡೆ ಹೊರಗುಳಿದಿದ್ದ ಮೊದಲ ತುದಿಯನ್ನ ಎಳೆಯಿರಿ. ಕುಣಿಕೆ ಆ ತುದಿಯನ್ನೂ ಎಳಕೊಂಡು ಸುತ್ತಿನ ಕೆಳಗೆ ಹೋಗುತ್ತೆ. ಅರ್ಧ ದೂರ ಹೋದಾಗ ನಿಲ್ಲಿಸಿ, ಎರಡೂ ಕಡೆ ಉಳಿದದ್ದನ್ನ ಕತ್ತರಿಸಿ. ಗಂಟು ಎಲ್ಲಿದೆ ಅಂತ ಹುಡುಕಿದರೂ ಸಿಗಲ್ಲ! ಮೇಲೆ ಸ್ವಲ್ಪ ಫೆವಿಕಾಲ್ ಸವರಿದರೆ ಮುಗಿಯಿತು. ದಾರ ಹತ್ತಿಯದಾಗಲಿ. ನೈಲಾನ್ ಹಿಗ್ಗುತ್ತೆ, ಅಂಟನ್ನೂ ಹೀರಲ್ಲ.

ಏಳು ವರ್ಷಕ್ಕಿಂತ ಚಿಕ್ಕವರಿಗೆ ಮಾಡೋದಾದರೆ ಹಿಡಿಯ ತುಂಡೇ ಬೇಡ, ನಡುವೆ ಹಳೇ ಬಟ್ಟೆ ಪಟ್ಟಿ ಸುತ್ತಿ ಹೊಲಿದುಬಿಡಿ ಅನ್ನೋದು ಅಪ್ಪನ ಮಾತು. ಬಟ್ಟೆ ಬಿಲ್ಲಿನ ಜೊತೆಗೇ ಬಾಗುತ್ತೆ, ಕಿತ್ತು ಬರೋಕೆ ಏನೂ ಇರಲ್ಲ. ಇನ್ನೂ ಒಂದು ದಾರಿ, ಇಡೀ ಬಿಲ್ಲನ್ನ ಹಿಡಿ ಸಮೇತ ಒಂದೇ ಮರದಲ್ಲಿ ಕೆತ್ತೋದು. ಡೆನ್ಮಾರ್ಕ್ ದೇಶದ ಹೋಲ್ಮೆಗಾರ್ಡ್ ಅನ್ನೋ ಜೌಗಿನಲ್ಲಿ 1944ರಲ್ಲಿ ಎಲ್ಮ್ ಮರದ ಬಿಲ್ಲು ಸಿಕ್ಕಿತು. ಸುಮಾರು 9000 ವರ್ಷ ಹಳೆಯದು. ಅದರ ತೋಳು ಅಗಲ ಚಪ್ಪಟೆ, ನಡು ಸಣ್ಣ ಆದರೆ ದಪ್ಪ. ಅಂದರೆ ನಡು ಬಾಗಬಾರದು, ತೋಳು ಮಾತ್ರ ಬಾಗಬೇಕು ಅನ್ನೋದು ಆ ಕಾಲದವರಿಗೇ ಗೊತ್ತಿತ್ತು. ಫೆವಿಕಾಲ್ ಇರಲಿಲ್ಲ, ಅಷ್ಟೇ.

ಹೆದೆ ಕಟ್ಟೋಕೆ ಎರಡೂ ತುದಿಯಲ್ಲಿ ಅರದಿಂದ ಪಕ್ಕಕ್ಕೆ ಸಣ್ಣ ಕಚ್ಚು ಮಾಡಿ. ಕಟ್ಟಿದಾಗ ಹಿಡಿಗೂ ಹೆದೆಗೂ ನಡುವೆ, ಮುಷ್ಟಿ ಹಿಡಿದು ಹೆಬ್ಬೆರಳು ನೆಟ್ಟಗೆ ಎತ್ತಿದರೆ ಎಷ್ಟಾಗುತ್ತೋ ಅಷ್ಟು ಅಂತರ ಇದ್ದರೆ ಸಾಕು. ಎರಡು ತೋಳೂ ಒಂದೇ ಸಮ ಬಾಗ್ತಿದೆಯಾ ನೋಡಿ. ಒಂದು ಕಡೆ ಗಡುಸಾಗಿದ್ದರೆ ಆ ಕಡೆಯ ಒಳಮುಖವನ್ನ ಮಾತ್ರ ಸ್ವಲ್ಪ ಸ್ವಲ್ಪ ಕೀಸಬೇಕು.

ಮಗುವಿನ ಕೈಗೆ ಕೊಡೋ ಮೊದಲು ಪರೀಕ್ಷೆ ಆಗಲೇಬೇಕು. ಹಳೇ ಪೇಪರ್ ಕೊಳ್ಳೋರ ಹತ್ತಿರ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇರುತ್ತಲ್ಲ, ಅದರ ಕೊಕ್ಕೆಗೆ ಹೆದೆ ಸಿಕ್ಕಿಸಿ ದೊಡ್ಡವರು ಮೆಲ್ಲಗೆ ಒಂದು ಮೊಳ ಎಳೆಯಬೇಕು. 3ರಿಂದ 4 ಕೆ.ಜಿ. ತೋರಿಸಿದರೆ ಸರಿ. 5 ದಾಟಿದರೆ ಮಕ್ಕಳಿಗೆ ಅಲ್ಲ, ಇನ್ನೂ ಕೀಸಬೇಕು. ಹಾಗೆ ಇಪ್ಪತ್ತು ಸಲ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿ. ಬಿಡೋದು ಅಂದರೆ ಕೈಯಲ್ಲೇ ಹಿಡಿದು ವಾಪಸ್ ತರೋದು. ಬಾಣ ಇಲ್ಲದೆ ಹೆದೆಯನ್ನ ಠಂಕ್ ಅಂತ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲ ಎಲ್ಲ ಬಿಲ್ಲಿಗೇ ವಾಪಸ್ ಹೊಡೆದು ಅಂಟು ಬಿಡಿಸುತ್ತೆ. ನಾಟಕದಲ್ಲಿ ಠೇಂಕಾರ ಮಾಡೋ ಹುಡುಗರು ಇದನ್ನ ಎರಡು ಸಲ ಓದಿ.

ಬಾಣದ ವಿಷಯ. ದೂರದರ್ಶನದಲ್ಲಿ 1987-88ರಲ್ಲಿ ರಾಮಾಯಣ, ಆಮೇಲೆ 1988ರಿಂದ 1990ರವರೆಗೆ ಮಹಾಭಾರತ ಬಂದಾಗ ಊರೂರಲ್ಲಿ ಮಕ್ಕಳು ಬಿಲ್ಲು ಬಾಣ ಹಿಡಿದರು. ಪೊರಕೆ ಕಡ್ಡಿಯ ಬಾಣ ಕಣ್ಣಿಗೆ ಬಿದ್ದು ಆಸ್ಪತ್ರೆಗೆ ಬಂದ ಮಕ್ಕಳ ಬಗ್ಗೆ ಕಣ್ಣಿನ ಡಾಕ್ಟರುಗಳು ಬರೆದಿಟ್ಟಿದ್ದಾರೆ. ಪೊರಕೆ ಕಡ್ಡಿ ಹಗುರ, ಏನೂ ಆಗಲ್ಲ ಅಂದುಕೊಳ್ತೀವಿ. ಅದರ ತುದಿ ಸೂಜಿ ಥರ ಇರುತ್ತೆ. ಆದ್ದರಿಂದ ಬಾಣದ ತುದಿ ಚೂಪು ಮಾಡೋ ಮಾತೇ ಇಲ್ಲ. ಬಟ್ಟೆಯಲ್ಲಿ ಹತ್ತಿ ತುಂಬಿ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಬಾಣದ ತುದಿಗೆ ಇದೇ ಕುಣಿಕೆ ಸುತ್ತಿನಲ್ಲಿ ಬಿಗಿಯಿರಿ. ನಿಂಬೆಹಣ್ಣಿನ ಗಾತ್ರ ಯಾಕೆಂದರೆ ಅದು ಕಣ್ಣಿನ ಗುಳಿಯೊಳಗೆ ಹೋಗಲ್ಲ. ನಾಟಕಕ್ಕಾದರೆ ಬಾಣ ಬಿಡೋದೇ ಬೇಡ. ಎಳೆದು ತೋರಿಸಿ, ಪರದೆ ಹಿಂದೆ ಹೋದರಾಯಿತು.

ಬಿದಿರಿನ ಬಿಲ್ಲು ಅಂದರೆ ಬರೀ ಮಕ್ಕಳಾಟ ಅಂತ ತಿಳೀಬೇಡಿ. ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಅನ್ನೋ ವಿಭಾಗ ಇದೆ. ಅದರಲ್ಲಿ ಇಂಥ ಬಿಲ್ಲಿನಲ್ಲೇ 30 ಮೀಟರ್, 50 ಮೀಟರ್ ದೂರಕ್ಕೆ ಹೊಡೀತಾರೆ. ರಾಜಸ್ಥಾನದ ಲಿಂಬಾ ರಾಮ್ ಚಿಕ್ಕಂದಿನಲ್ಲಿ ಬಿದಿರಿನ ಬಿಲ್ಲು ಹಿಡಿದವರು, 1988, 1992, 1996 ಮೂರು ಒಲಿಂಪಿಕ್ಸಿಗೆ ಹೋದರು. ಎರಡು ಕೈಯೂ ಇಲ್ಲದ ಶೀತಲ್ ದೇವಿ ಬಿಲ್ಲಿನ ಹಿಡಿಯನ್ನ ಕಾಲಿನಲ್ಲಿ ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚಿನ ಪದಕ ಗೆದ್ದರು.

ಕೊನೆಗೆ, ಇಡೋದು ಹೇಗೆ ಅಂತ. ಆಟ ಮುಗಿದ ಕೂಡಲೇ ಹೆದೆ ಇಳಿಸಿ. ಬಿಸಿಲಲ್ಲಿ, ಬಚ್ಚಲ ಹತ್ತಿರ ಇಡಬೇಡಿ. ಪ್ರತಿ ಸಲ ಹೆದೆ ಏರಿಸೋ ಮೊದಲು ಹಿಡಿಯ ಪಕ್ಕದ ಸಂದಿಗೆ ಒಂದು ಕಾಗದದ ಅಂಚು ತೂರಿಸಿ ನೋಡಿ. ಕಾಗದ ಒಳಗೆ ಹೋದರೆ, ಅಥವಾ ಎಳೆದಾಗ ಟಿಕ್ ಅಂತ ಸದ್ದು ಬಂದರೆ, ಆ ಬಿಲ್ಲನ್ನ ಮತ್ತೆ ಎಳೆಯಬೇಡಿ. ದಾರ ಬಿಚ್ಚಿ, ಹಿಡಿ ಎಬ್ಬಿಸಿ, ಹಳೇ ಅಂಟನ್ನೆಲ್ಲ ಕೆರೆದು ಮೊದಲಿಂದ ಅಂಟಿಸಬೇಕು. ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯಲ್ಲ. ಭಾನುವಾರ ಅಪ್ಪ ಮನೆಯಲ್ಲಿ ಇರ್ತಾರೆ, ಸೈಕಲ್ ಟ್ಯೂಬು ಬೇಕಾದಷ್ಟಿದೆ. ಬಿಲ್ಲು ತಗೊಂಡು ಬನ್ನಿ, ಹತ್ತಿ ದಾರ ಮಾತ್ರ ನೀವೇ ತನ್ನಿ.